ಬಳ್ಳಾರಿಯ ಶೆಡ್ಡಿನಲ್ಲಿ ಟ್ರ್ಯಾಕ್ ಕಾರು: ಮಾರುತಿ ಝೆನ್ ಕಾರಿಗೆ ಎಸ್ಟೀಮ್ ಎಂಜಿನ್, ಮೂರೂವರೆ ಲಕ್ಷ ಸಾಕಾಗುತ್ತದೆಯೇ?

ಲಾರಿ ಶೆಡ್ಡು, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಹೊರವಲಯದಲ್ಲಿ ನಮ್ಮ ತಂದೆಯವರ ಕಾಲದ ಲಾರಿ ಶೆಡ್ಡೊಂದಿದೆ. ಅದಿರು ಸಾಗಣೆ ಜೋರಾಗಿದ್ದ ವರ್ಷಗಳಲ್ಲಿ ಅಲ್ಲಿ ನಮ್ಮ ಎರಡು ಟಿಪ್ಪರ್‌ಗಳು ನಿಲ್ಲುತ್ತಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಗಾಡಿಗಳನ್ನು ಮಾರಬೇಕಾಯಿತು. ಶೆಡ್ಡು, ಚೈನ್ ಬ್ಲಾಕ್, ವೆಲ್ಡಿಂಗ್ ಸೆಟ್ ಮತ್ತು ಕೆಳಗಿಳಿದು ಕೆಲಸ ಮಾಡುವ ಗುಂಡಿ ಉಳಿದುಕೊಂಡವು. ಆ ಜಾಗದಲ್ಲಿ ನಾನೊಂದು ಟ್ರ್ಯಾಕ್ ಕಾರು ಕಟ್ಟಬೇಕೆಂದಿದ್ದೇನೆ. ಅದನ್ನು ರಸ್ತೆಯಲ್ಲಿ ಓಡಿಸುವ ಆಸೆ ನನಗಿಲ್ಲ. ವರ್ಷಕ್ಕೆ ಎರಡು ಸಲವಾದರೂ ಚೆನ್ನೈ ಹತ್ತಿರದ ಇರುಂಗಾಟುಕೋಟೈ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಒಯ್ದು, ಸಾರ್ವಜನಿಕರಿಗೆ ತೆರೆದಿರುವ ದಿನಗಳಲ್ಲಿ ಮನಸಾರೆ ಓಡಿಸಿ ಬರಬೇಕು ಎಂಬುದಷ್ಟೇ ಆಸೆ.

ಯೋಜನೆ ಹೀಗಿದೆ. ಎಂಪಿಎಫ್‌ಐ ಎಂಬ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ಬಂದ ಮೇಲಿನ ಒಂದು ಹಳೆಯ ಝೆನ್ ಕೊಳ್ಳುವುದು, ಅದರ 993 ಸಿಸಿ ಎಂಜಿನ್ ಇಳಿಸಿ ಮಾರುತಿಯದೇ ಎಸ್ಟೀಮ್ ಕಾರಿನ 1298 ಸಿಸಿ ಎಂಜಿನ್ ಕೂರಿಸುವುದು. ಝೆನ್‌ನ ಮೂಲ ಶಕ್ತಿ 60 ಅಶ್ವಶಕ್ತಿ, ಎಂಪಿಎಫ್‌ಐ ಎಸ್ಟೀಮಿನದು 85. ಗಾಡಿಯ ತೂಕ ಏಳೂವರೆ ಕ್ವಿಂಟಲಿನ ಆಸುಪಾಸು ಇರುವುದರಿಂದ, ಹಿಂದಿನ ಸೀಟು, ಕಾರ್ಪೆಟ್ಟು, ಎಸಿ ಎಲ್ಲವನ್ನೂ ತೆಗೆದರೆ ಈ 25 ಅಶ್ವಶಕ್ತಿಯ ವ್ಯತ್ಯಾಸ ದೊಡ್ಡದಾಗಿಯೇ ಕಾಣಬೇಕು.

ಹದಿನಾಲ್ಕು ತಿಂಗಳಲ್ಲಿ ಒಟ್ಟು 3,50,000 ರೂಪಾಯಿ ಹೊಂದಿಸಬಲ್ಲೆ. ಕಾರಿಗೆ 55,000, ಗುಜರಿಯಿಂದ ಗೇರ್‌ಬಾಕ್ಸ್, ಇಸಿಎಂ (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್), ವೈರಿಂಗ್ ಸಹಿತ ಎಂಜಿನ್‌ಗೆ 50,000, ಅದನ್ನು ಬಿಚ್ಚಿ ಬೋರ್, ರಿಂಗು, ಬೇರಿಂಗು ಮಾಡಿಸಲು 40,000, ಮೌಂಟಿಂಗ್, ಡ್ರೈವ್ ಶಾಫ್ಟ್ ಮತ್ತು ಸೈಲೆನ್ಸರ್ ಪೈಪಿಗೆ 20,000, ಸಸ್ಪೆನ್ಶನ್‌ಗೆ 35,000, ಬ್ರೇಕಿಗೆ 15,000, ಅಲಾಯ್ ಚಕ್ರ ಮತ್ತು ಟಯರಿಗೆ 40,000, ರೋಲ್ ಕೇಜ್ (ಪಲ್ಟಿಯಾದರೆ ಚಾಲಕನನ್ನು ಕಾಯುವ ಉಕ್ಕಿನ ಪೈಪಿನ ಚೌಕಟ್ಟು), ಸೀಟು, ಬೆಲ್ಟಿಗೆ 45,000, ಪೇಂಟಿಗೆ 30,000, ಇತರೆ 20,000 ಎಂದು ಬರೆದಿಟ್ಟುಕೊಂಡಿದ್ದೇನೆ. ಕೂಲಿಯನ್ನು ಹಿಡಿದಿಲ್ಲ, ಏಕೆಂದರೆ ಕೆಲಸವನ್ನು ನಾನೇ ಮಾಡುತ್ತೇನೆ. ಟಿಪ್ಪರ್‌ಗಳ ಎಂಜಿನ್ ಇಳಿಸಿ ಏರಿಸಿದ ಅಭ್ಯಾಸವಿದೆ.

ಈ ಲೆಕ್ಕ ನಿಲ್ಲುತ್ತದೆಯೇ? ಯಾವುದನ್ನು ಮೊದಲು ಮಾಡಬೇಕು? ಎಂಜಿನ್ ಬದಲಾದ ಗಾಡಿಯ ಆರ್‌ಸಿ ಏನಾಗುತ್ತದೆ? ಇಂಥ ಕೆಲಸ ಮಾಡಿದವರು ಬಳ್ಳಾರಿ, ರಾಯಚೂರು, ಕೊಪ್ಪಳ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಬೇಕು.


ಹಳೆ ಝೆನ್, ರಾಯಚೂರು:

ನೀವು ಹೇಳಿದ ಅದೇ ಜೋಡಣೆಯ ಗಾಡಿಯನ್ನು ನಾನು ಕಟ್ಟಿದ್ದೇನೆ. ಆದ್ದರಿಂದ ನಿಮ್ಮ ಲೆಕ್ಕವನ್ನು ಓದುವಾಗ ನನ್ನದೇ ಹಳೆಯ ಡೈರಿಯನ್ನು ಓದಿದಂತಾಯಿತು, ತಪ್ಪುಗಳ ಸಹಿತ. ಬ್ರೇಕಿಗೆ 15,000, ಪೇಂಟಿಗೆ 30,000 ಎಂದು ನಾನೂ ಬರೆದಿದ್ದೆ.

ಮೊದಲ ಸಲ ಇರುಂಗಾಟುಕೋಟೈಗೆ ಹೋದಾಗ ಆದದ್ದನ್ನು ಹೇಳುತ್ತೇನೆ. ಎಂಜಿನ್ ಸೊಗಸಾಗಿ ಎಳೆಯುತ್ತಿತ್ತು, ನಾನು ಮೈಮರೆತಿದ್ದೆ. ಐದನೆಯ ಸುತ್ತಿನಲ್ಲಿ ನೇರ ಹಾದಿಯ ಕೊನೆಗೆ ಬಂದು ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಇಳಿದು ನೆಲಕ್ಕೆ ಮುಟ್ಟಿತು. ಎರಡು ಸಲ ಪಂಪ್ ಮಾಡಿದ ಮೇಲೆ ಅರೆಬರೆ ಹಿಡಿಯಿತು. ಅಷ್ಟರಲ್ಲಿ ಗಾಡಿ ಟಾರು ಬಿಟ್ಟು ಮಣ್ಣಿಗೆ ಇಳಿದಿತ್ತು. ಟ್ರ್ಯಾಕ್ ಪಕ್ಕದ ದುರಸ್ತಿ ಜಾಗಕ್ಕೆ ತಂದು ಚಕ್ರ ಬಿಚ್ಚಿದಾಗ ಮುಂದಿನ ಬ್ರೇಕ್ ಪ್ಯಾಡುಗಳ ಮೈ ಗಾಜಿನಂತೆ ಹೊಳೆಯುತ್ತಿತ್ತು, ಕ್ಯಾಲಿಪರ್‌ನ ರಬ್ಬರ್ ಬೂಟು ಸುಟ್ಟು ಕರಕಲಾಗಿತ್ತು. ಹೊಸ ಎಂಜಿನ್ ಹಾಕಿದ ನಾನು ಬ್ರೇಕ್ ಆಯಿಲನ್ನು ಹಳೆಯದನ್ನೇ ಬಿಟ್ಟಿದ್ದೆ.

ಇದು ದುರದೃಷ್ಟವಲ್ಲ, ಲೆಕ್ಕದ ವಿಷಯ. ಚಾಲಕನೂ ಸೇರಿ 850 ಕೆ.ಜಿ. ಇರುವ ಗಾಡಿ ಗಂಟೆಗೆ 140 ಕಿ.ಮೀ. ವೇಗದಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 525 ಕಿಲೋಜೂಲ್ ಶಕ್ತಿ ಶಾಖವಾಗಿ ಹೋಗಬೇಕು. ಅದರಲ್ಲಿ ಮುಕ್ಕಾಲಿಗೆ ತುಸು ಕಡಿಮೆ ಪಾಲು ಮುಂದಿನ ಚಕ್ರಗಳದೆಂದು ಹಿಡಿಯಿರಿ. ಎರಡು ಡಿಸ್ಕುಗಳ ಒಟ್ಟು ತೂಕ 8 ಕೆ.ಜಿ. ಎಂದುಕೊಂಡರೆ ಒಂದೇ ಒಂದು ಸಲ ಬ್ರೇಕ್ ಒತ್ತಿದಾಗ ಡಿಸ್ಕಿನ ಬಿಸಿ ಸುಮಾರು ನೂರು ಡಿಗ್ರಿ ಏರುತ್ತದೆ. ಆ ಬಿಸಿ ಆರುವುದರೊಳಗೆ ಮುಂದಿನ ತಿರುವು ಬರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲು ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯುವುದಿಲ್ಲ, ಆದರೆ ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಅದರ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳು ಎದ್ದರೆ ನಮ್ಮ ಕಾಲು ಒತ್ತುವುದು ಆ ಗುಳ್ಳೆಗಳನ್ನೇ ಹೊರತು ಪ್ಯಾಡನ್ನಲ್ಲ. ಹೊಸ ಡಾಟ್ 4 ಆಯಿಲು, ಹೆಚ್ಚು ಬಿಸಿ ತಡೆಯುವ ಪ್ಯಾಡು, ಹೊಸ ಹೋಸುಗಳು, ಬಂಪರಿನಿಂದ ಡಿಸ್ಕಿಗೆ ಗಾಳಿ ಒಯ್ಯುವ ಕೊಳವೆ, ಇಷ್ಟಕ್ಕೇ 25ರಿಂದ 30 ಸಾವಿರ ತೆಗೆದಿಡಿ.

ಎರಡನೆಯದಾಗಿ, ನಿಮ್ಮ ಪಟ್ಟಿಯಲ್ಲಿ ಗಾಡಿ ಕಟ್ಟುವ ಖರ್ಚಿದೆ, ಓಡಿಸುವ ಖರ್ಚು ಇಲ್ಲವೇ ಇಲ್ಲ. ಬಳ್ಳಾರಿಯಿಂದ ಇರುಂಗಾಟುಕೋಟೈ ಐನೂರು ಕಿಲೋಮೀಟರಿನ ಆಸುಪಾಸು. ಹೋಗಿ ಬರುವುದಕ್ಕೆ ಫ್ಲಾಟ್‌ಬೆಡ್ ಲಾರಿಗೆ 22,000, ಟ್ರ್ಯಾಕಿನ ಪ್ರವೇಶಕ್ಕೆ 6,000, ಪೆಟ್ರೋಲಿಗೆ 3,000, ಇಬ್ಬರಿಗೆ ಎರಡು ರಾತ್ರಿ ಊಟ ವಸತಿಗೆ 4,000, ಸವೆಯುವ ಪ್ಯಾಡು ಆಯಿಲಿಗೆ 5,000 ಎಂದು ನಾನು ಹಿಡಿಯುತ್ತೇನೆ. ಒಂದು ಪಯಣಕ್ಕೆ ನಲವತ್ತು ಸಾವಿರ ಆಯಿತು. ಅಲ್ಲಿನ ಸುತ್ತು 3.7 ಕಿ.ಮೀ. ಉದ್ದದ್ದು; ದಿನಕ್ಕೆ 27 ಸುತ್ತು ಹಾಕಿದರೆ ನೂರು ಕಿಲೋಮೀಟರು, ಪೂರ್ತಿ ಎಳೆದು ಓಡಿಸುವಾಗ ಲೀಟರಿಗೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚು ನಿರೀಕ್ಷಿಸಬೇಡಿ. ಈ ಹಣವನ್ನು ಮೊದಲೇ ಬೇರೆ ತೆಗೆದಿಡದಿದ್ದರೆ, ಗಾಡಿ ಸಿದ್ಧವಾಗಿ ಶೆಡ್ಡಿನಲ್ಲಿ ತಾಡಪಾಲು ಹೊದ್ದು ಕುಳಿತಿರುತ್ತದೆ. ನನ್ನ ಗಾಡಿ ಹಾಗೆ ಒಂದೂವರೆ ವರ್ಷ ಕುಳಿತಿತ್ತು.

ಆದ್ದರಿಂದ ನನ್ನ ಮಾತನ್ನು ನೇರವಾಗಿ ಹೇಳುತ್ತೇನೆ: ಮೊದಲ ವರ್ಷ ಎಂಜಿನ್ ಬದಲಿಸಬೇಡಿ. ಝೆನ್‌ನ ಮೂಲ ಎಂಜಿನ್ನಿನಲ್ಲೇ, ಆದರೆ ಸರಿಯಾದ ಬ್ರೇಕು, ಕೇಜು, ಸೀಟು, ಟಯರುಗಳೊಂದಿಗೆ ಎರಡು ಸಲ ಟ್ರ್ಯಾಕಿಗೆ ಹೋಗಿ ಬನ್ನಿ. ಎಸ್. ಕರಿವರ್ಧನ್ ಅವರು ಮಾರುತಿ 800ರ ಪುಟ್ಟ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದರು. ಮುಂದೆ 2005ರಲ್ಲಿ ಫಾರ್ಮುಲಾ ಒನ್ ತಲುಪಿದ ನಾರಾಯಣ್ ಕಾರ್ತಿಕೇಯನ್ ಆ ಕಾರುಗಳಲ್ಲೂ ಓಡಿಸಿದವರು. ನೀವು ಹೇಳಿದ ಕೊಯಮತ್ತೂರಿನ ಟ್ರ್ಯಾಕಿಗೆ ಇರುವುದು ಆ ಕರಿವರ್ಧನ್ ಅವರ ಹೆಸರೇ. ಅರವತ್ತು ಅಶ್ವಶಕ್ತಿ ಕಲಿಯುವುದಕ್ಕೆ ಕಡಿಮೆಯಲ್ಲ.


ಶಿಫ್ಟ್ ಫಿಟ್ಟರ್, ತೋರಣಗಲ್ಲು:

ರಾಯಚೂರಿನ ಹಿರಿಯರ ಬ್ರೇಕಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಎಂಜಿನ್ ಮುಂದೂಡುವ ಮಾತಿಗೆ ಮಾತ್ರ ನನ್ನ ತಕರಾರಿದೆ.

ಎಸ್ಟೀಮ್ ತಯಾರಿಕೆ ನಿಂತದ್ದು 2007ರಲ್ಲಿ. ಒಳ್ಳೆಯ ಸ್ಥಿತಿಯ ಎಂಜಿನ್‌ಗಳು ಗುಜರಿಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಈ ವರ್ಷ ಸಿಗುವುದು ಮುಂದಿನ ವರ್ಷ ಅದೇ ಬೆಲೆಗೆ ಸಿಗುತ್ತದೆಂದು ಹೇಳಲಾಗದು. ಮೊದಲ ಸ್ವಿಫ್ಟಿನ 1.3 ಪೆಟ್ರೋಲ್ ಎಂಜಿನ್ ಕೂಡ ಇದೇ ಜಿ ಸರಣಿಯದಾದ್ದರಿಂದ ಹುಡುಕುವ ವ್ಯಾಪ್ತಿ ಸ್ವಲ್ಪ ಹಿಗ್ಗುತ್ತದೆ, ಅಷ್ಟೇ. ಇನ್ನೊಂದು ಕಾರಣ ಕೆಲಸದ್ದು. ಕೇಜ್ ಕೂರಿಸಲು ಡ್ಯಾಶ್‌ಬೋರ್ಡು, ವೈರಿಂಗು, ಸೀಟುಗಳನ್ನು ಹೇಗೂ ಬಿಚ್ಚುತ್ತೀರಿ. ಆಗಲೇ ಎಸ್ಟೀಮಿನ ವೈರಿಂಗ್ ಹಾಯಿಸಿದರೆ ಒಂದೇ ಕೆಲಸವಾಗುತ್ತದೆ. ಕೇಜ್ ಬಂದ ಮೇಲೆ ಡ್ಯಾಶ್ ಹಿಂದೆ ಕೈ ಹಾಕುವುದು ಎಂಥ ಯಾತನೆ ಎಂದು ಮಾಡಿದವರಿಗೇ ಗೊತ್ತು.

ಎಂಜಿನ್ ಕೊಳ್ಳುವಾಗ ನೋಡಬೇಕಾದವು ಇಷ್ಟು. ಆಯಿಲ್ ಮುಚ್ಚಳ ತೆಗೆದು ಒಳಮೈಯನ್ನು ಬೆರಳಿನಿಂದ ಒರೆಸಿರಿ. ಬೆಣ್ಣೆಯಂಥ ಬಿಳಿ ಜಿಡ್ಡು ಬಂದರೆ ಆಯಿಲಿಗೆ ನೀರು ಸೇರಿದೆ ಎಂದರ್ಥ, ಅಲ್ಲಿಂದ ಎದ್ದು ಬನ್ನಿ. ಕಂಪ್ರೆಶನ್ ಗೇಜನ್ನು ನೀವೇ ಒಯ್ದು ನಾಲ್ಕು ಸಿಲಿಂಡರ್‌ಗಳನ್ನೂ ಅಳೆಯಿರಿ. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ನಾಲ್ಕರ ನಡುವಿನ ಅಂತರ ನೂರಕ್ಕೆ ಹತ್ತನ್ನು ಮೀರಬಾರದು ಎನ್ನುವುದು ಮುಖ್ಯ. ಕೊನೆಯ ವರ್ಷಗಳ ಗಾಡಿಗಳಲ್ಲಿ ಐಕ್ಯಾಟ್ಸ್ ಎಂಬ ಕಳ್ಳತನ ತಡೆಯುವ ವ್ಯವಸ್ಥೆ ಇದೆ. ಕೀಲಿಯೊಳಗಿನ ಚಿಪ್ಪು ಇಸಿಎಂಗೆ ಹೊಂದದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ನಾನು ಎಂಜಿನ್ ತಂದು ಕೂರಿಸಿ, ಎಲ್ಲ ಜೋಡಿಸಿ, ಮೂರು ವಾರ ಅದರ ಮುಂದೆ ಕೂತಿದ್ದೆ. ಕೊರತೆ ಇದ್ದದ್ದು ಆ ಒಂದು ಕೀಲಿಯದು. ಆದ್ದರಿಂದ ಇಸಿಎಂ, ಕೀಲಿ, ಐಕ್ಯಾಟ್ಸ್ ವ್ಯವಸ್ಥೆಯ ಪುಟ್ಟ ಪೆಟ್ಟಿಗೆ ಮತ್ತು ಕತ್ತರಿಸದ ಪೂರ್ತಿ ವೈರಿಂಗು ಒಂದೇ ಗಾಡಿಯಿಂದ ಬಂದಿರಲಿ. ಆ ಗಾಡಿಯ ಆರ್‌ಸಿ ನಕಲು ಮತ್ತು ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಎಂಜಿನ್ ನಂಬರು ಕದ್ದ ಗಾಡಿಯದಾಗಿದ್ದರೆ ಠಾಣೆಯಲ್ಲಿ ಉತ್ತರ ಹೇಳಬೇಕಾದವರು ನೀವು.


ಹಳೆ ಝೆನ್, ರಾಯಚೂರು:

ಫಿಟ್ಟರ್ ಅವರ ಮಾತಿನಲ್ಲಿ ಹುರುಳಿದೆ, ಅರ್ಧ ಒಪ್ಪುತ್ತೇನೆ. ಒಳ್ಳೆಯ ಎಂಜಿನ್ ಎದುರಾದರೆ ಕೊಂಡು ಇಟ್ಟುಕೊಳ್ಳಿ; ಪ್ಲಗ್ ತೂತುಗಳಿಂದ ಪ್ರತಿ ಸಿಲಿಂಡರಿಗೆ ಒಂದಿಷ್ಟು ಆಯಿಲ್ ಹಾಕಿ, ಇನ್‌ಟೇಕು ಎಕ್ಸಾಸ್ಟುಗಳ ಬಾಯಿ ಕಟ್ಟಿ, ತಿಂಗಳಿಗೊಮ್ಮೆ ಪಾನಾ ಹಾಕಿ ಕ್ರ್ಯಾಂಕ್ ತಿರುಗಿಸುತ್ತಿದ್ದರೆ ಅದು ಕೆಡುವುದಿಲ್ಲ. ಆದರೆ ಎಂಜಿನ್ನಿಗೆ ಕೊಟ್ಟ ಹಣ ಬ್ರೇಕಿನ ಹಣದಿಂದ ಬಂದಿರಬಾರದು. ನಾನು ನೋಡಿದ ಅರ್ಧಕ್ಕೆ ನಿಂತ ಗಾಡಿಗಳೆಲ್ಲ ನಿಂತದ್ದು ಒಂದೇ ಜಾಗದಲ್ಲಿ, ಹಳೆಯ ಎಂಜಿನ್ ಹೊರಗೆ, ಹೊಸದು ಇನ್ನೂ ಕೂತಿಲ್ಲ, ದುಡ್ಡು ಮುಗಿದಿದೆ. ಓಡುವ ಗಾಡಿಯನ್ನು ಬಿಚ್ಚುವ ಮೊದಲು ಹೊಸ ಎಂಜಿನ್‌ನ ಪ್ರತಿಯೊಂದು ಭಾಗವೂ ಶೆಡ್ಡಿನ ಕಪಾಟಿನಲ್ಲಿರಬೇಕು.


ಲೇತ್ ಕೆಲಸ, ಗಂಗಾವತಿ:

ತಮ್ಮಾ, ನಮ್ಮದು ಅಕ್ಕಿ ಗಿರಣಿಗಳ ಶಾಫ್ಟು, ಟ್ರ್ಯಾಕ್ಟರ್ ಟ್ರೇಲರುಗಳ ಕೆಲಸ. ನಡುವೆ ರ್‍ಯಾಲಿ ಗಾಡಿಗಳಿಗೆ ಎರಡು ಕೇಜ್ ಮಾಡಿಕೊಟ್ಟಿದ್ದೇನೆ. ನೀನು ಸೀಟು ಬೆಲ್ಟು ಸೇರಿಸಿ ಕೇಜಿಗೆ 45,000 ಎಂದು ಬರೆದದ್ದನ್ನು ನೋಡಿದರೆ ಯಾರೋ ಶಾಮಿಯಾನದ ಪೈಪಿನ ದರ ಹೇಳಿರಬೇಕು ಅನ್ನಿಸುತ್ತದೆ.

ಕೇಜಿನ ಪೈಪು ಸೀಮ್‌ಲೆಸ್ ಆಗಿರಬೇಕು, ಅಂದರೆ ಉದ್ದಕ್ಕೂ ಬೆಸುಗೆಯ ಗೆರೆ ಇಲ್ಲದ್ದು, ತಣ್ಣಗೆ ಎಳೆದದ್ದು. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ನಿಯಮದಲ್ಲಿ ಚಾಲಕನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ 2.5 ಮಿ.ಮೀ. ದಪ್ಪ ಅಥವಾ 50 ವ್ಯಾಸ 2 ದಪ್ಪ ಎಂದಿದೆ. ಉಳಿದ ಭಾಗಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಪೈಪಿನ ಕರ್ಷಣ ಬಲ ಕನಿಷ್ಠ 350 ಮೆಗಾಪಾಸ್ಕಲ್. ಕೊಳ್ಳುವಾಗ ಪರೀಕ್ಷಾ ಪ್ರಮಾಣಪತ್ರ ಕೇಳಬೇಕು, ಕೊಡದ ಅಂಗಡಿಯಲ್ಲಿ ಕೊಳ್ಳಬಾರದು. ಅಗ್ಗ ಎಂದು ಸತು ಲೇಪಿಸಿದ ಜಿಐ ಪೈಪು ತಂದರೆ ಎರಡು ಕೇಡು: ಬಲ ಇಲ್ಲ, ಜೊತೆಗೆ ಬೆಸುಗೆ ಹಾಕುವಾಗ ಸತುವಿನ ಬಿಳಿ ಹೊಗೆ ಎದ್ದು ಎದೆಗೆ ಹೋಗಿ ರಾತ್ರಿ ಚಳಿಜ್ವರ ಬರುತ್ತದೆ.

ಬಗ್ಗಿಸುವುದು ಹೈಡ್ರಾಲಿಕ್ ಬೆಂಡರಿನಲ್ಲಿ, ತಣ್ಣಗೆ. ಕುರ್ಚಿ ಮೇಜು ಮಾಡುವವರ ಬೆಂಡರಿನಲ್ಲಿ ಈ ದಪ್ಪದ ಪೈಪು ಒಳಬದಿಗೆ ಸುಕ್ಕುಗಟ್ಟುತ್ತದೆ; ಸುಕ್ಕು ಬಿದ್ದ ಕಮಾನು ಪಲ್ಟಿಯಾದಾಗ ಮಡಚುವುದು ಅಲ್ಲಿಯೇ. ಎರಡು ಪೈಪು ಕೂಡುವಲ್ಲಿ ಒಂದರ ತುದಿಯನ್ನು ಇನ್ನೊಂದರ ಮೈಗೆ ಒಪ್ಪುವಂತೆ ಮೀನಿನ ಬಾಯಿಯ ಹಾಗೆ ಕೊರೆಯಬೇಕು. ನಾನು ಮೊದಲು ಕಾಗದದಲ್ಲಿ ಕತ್ತರಿಸಿ ಪೈಪಿಗೆ ಸುತ್ತಿ ಗೀಚುತ್ತೇನೆ, ಲೇತಿನಲ್ಲಿ ಕೊರೆದು ಅರದಿಂದ ತೀಡುತ್ತೇನೆ, ಜೋಡಿಸಿ ಹಿಂದಿನಿಂದ ಟಾರ್ಚು ಹಿಡಿಯುತ್ತೇನೆ. ಸಂದಿನಿಂದ ಬೆಳಕು ಬಂದರೆ ಇನ್ನೂ ತೀಡುವುದಿದೆ. ಸಂದನ್ನು ವೆಲ್ಡಿಂಗ್ ಕಡ್ಡಿಯಿಂದ ತುಂಬಿಸಿ ಮೇಲೆ ಗ್ರೈಂಡರ್ ಹೊಡೆದು ನುಣುಪು ಮಾಡಿದ ಕೇಜುಗಳನ್ನು ನೋಡಿದ್ದೇನೆ. ನೋಡಲು ಚೆಂದ, ನಂಬಲು ಆಗದು. ವೆಲ್ಡಿನ ಮೇಲೆ ಗ್ರೈಂಡರ್ ಮುಟ್ಟಿಸಲೇಬಾರದು. ಕೇಜಿನ ಪಾದಗಳು ನಿಲ್ಲುವ ಕಡೆ ಕಾರಿನ ತಗಡಿಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರಿನ ಪ್ಲೇಟು ಬೇಕು, ಪ್ರತಿ ಪಾದಕ್ಕೆ 8.8 ದರ್ಜೆಯ ಮೂರು ಬೋಲ್ಟು.

ಇದೇ ಕಾರಣಕ್ಕೆ ಗಾಡಿಯ ತಗಡು ಮುಖ್ಯ. ಕೆಎ-34, 36, 37ರ ಗಾಡಿಯನ್ನೇ ಹುಡುಕು. ನಮ್ಮ ಬಿಸಿಲು ಬಣ್ಣವನ್ನು ತಿನ್ನುತ್ತದೆ, ಡ್ಯಾಶನ್ನು ಸೀಳುತ್ತದೆ, ಆದರೆ ತಗಡನ್ನು ಬಿಡುತ್ತದೆ. ಕರಾವಳಿಯಲ್ಲಿ ಓಡಿದ ಗಾಡಿ ಹೊರಗೆ ಮಿರಿಮಿರಿ ಹೊಳೆಯುತ್ತಿದ್ದರೂ ಬಾಗಿಲ ಕೆಳಗಿನ ಸಿಲ್ಲಿಗೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ. ಅಂಥ ತಗಡಿಗೆ ಎಂಥ ಕೇಜ್ ಹಾಕಿದರೂ ಅದು ನಿಲ್ಲುವ ನೆಲವೇ ಇಲ್ಲ.

ಡ್ರೈವ್ ಶಾಫ್ಟಿನ ಬಗ್ಗೆ ಒಂದು ಮಾತು. ಎಸ್ಟೀಮ್ ಗೇರ್‌ಬಾಕ್ಸಿನಿಂದ ಝೆನ್ ಚಕ್ರಕ್ಕೆ ಸೇರಿಸುವಾಗ ಎರಡೂ ತುದಿಯ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿ, ಉದ್ದವನ್ನು ಅಳೆದುಕೋ. ಹೊಂದದಿದ್ದರೆ ಎರಡು ಶಾಫ್ಟು ಕತ್ತರಿಸಿ ನಡುವೆ ಬೆಸೆದು ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಬೇಡ. ಬೆಸುಗೆಯ ಬಿಸಿಗೆ ಶಾಫ್ಟಿನ ಹದ ಕೆಡುತ್ತದೆ, ಅದು ಮುರಿಯುವುದು ಪೂರ್ತಿ ಎಳೆಯುವಾಗಲೇ. ಹೊಸದನ್ನೇ ತಿರುವಿಸಿ ಹದ ಹಾಕಿಸುವುದು ದುಬಾರಿಯಾದರೂ ಸರಿಯಾದ ದಾರಿ. ಬಾನೆಟ್ ಮುಚ್ಚುತ್ತದೆಯೋ ಇಲ್ಲವೋ ನೋಡಲು ಮನೆಯಿಂದ ಕಲಸಿದ ಗೋಧಿ ಹಿಟ್ಟು ತಂದು ಎಂಜಿನ್ ಮೇಲೆ ನಾಲ್ಕು ಕಡೆ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೆ. ಎಲ್ಲಿಯೂ ಹಿಟ್ಟಿನ ದಪ್ಪ 20 ಮಿ.ಮೀ.ಗಿಂತ ಕಡಿಮೆ ಇರಬಾರದು, ಏಕೆಂದರೆ ರಬ್ಬರ್ ಮೌಂಟಿಂಗ್ ಮೇಲೆ ಎಂಜಿನ್ ಓಲಾಡುತ್ತದೆ.


ಕಾಗದ ಪತ್ರ, ಸಿಂಧನೂರು:

ಆರ್‌ಸಿ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಕೆಟ್ಟ ಎಂಜಿನ್ ತೆಗೆದು ಅದೇ ಬಗೆಯ ಎಂಜಿನ್ನನ್ನು ಆರ್‌ಟಿಒ ಅನುಮತಿಯೊಂದಿಗೆ ಹಾಕುವುದು ಒಂದು ವಿಷಯ. 993 ಸಿಸಿ ಜಾಗಕ್ಕೆ 1298 ಸಿಸಿ ಹಾಕುವುದು ಪೂರಾ ಬೇರೆ ವಿಷಯ. 2019ರ ತಿದ್ದುಪಡಿಯ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು.

ಈ ಗಾಡಿ ಟ್ರ್ಯಾಕಿಗೆ ಮಾತ್ರ ಎಂದು ನೀವು ನಿಜವಾಗಿ ತೀರ್ಮಾನಿಸಿದ್ದರೆ, ಮೊದಲು ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಎಂಜಿನ್ ಇಳಿಸುವ ದಿನ ಬಂದಾಗ ನೋಂದಣಿ ರದ್ದತಿಯ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲೇ ವ್ಯವಹರಿಸಿ. ಹಳೆಯ ಮಾಲೀಕರ ಹೆಸರಿನಲ್ಲೇ ಬಿಟ್ಟು ಮುಂದುವರಿಯುವುದು ಅವರಿಗೂ ತೊಂದರೆ, ನಿಮಗೂ ತೊಂದರೆ. ಮೊದಲ ವರ್ಷ ಮೂಲ ಎಂಜಿನ್ ಇಟ್ಟುಕೊಳ್ಳುವ ರಾಯಚೂರಿನವರ ಸಲಹೆಗೆ ನನ್ನ ಕಡೆಯಿಂದಲೂ ಒಂದು ಕಾರಣ ಸೇರಿಸಬಹುದು: ಗಾಡಿ ನಿಮಗೆ ಒಗ್ಗದಿದ್ದರೆ ಆರ್‌ಸಿ ಇನ್ನೂ ಜೀವಂತವಿರುತ್ತದೆ. ಆದರೆ ರೋಲ್ ಕೇಜ್ ಹಾಕಿದ ಗಾಡಿಯನ್ನು, ಮೂಲ ಎಂಜಿನ್ ಇದ್ದರೂ, ರಸ್ತೆಗೆ ತರಬೇಡಿ. ಹೆಲ್ಮೆಟ್ ಇಲ್ಲದ ತಲೆ ಉಕ್ಕಿನ ಪೈಪಿಗೆ ಬಡಿದರೆ ಸಣ್ಣ ಡಿಕ್ಕಿಯೂ ಜೀವ ತೆಗೆಯುತ್ತದೆ.

ವಿಮೆಯ ಬಗ್ಗೆಯೂ ಹೇಳಬೇಕು. ನಮ್ಮ ಸಾಮಾನ್ಯ ಕಾರ್ ಪಾಲಿಸಿಗಳು ಸಂಘಟಿತ ರೇಸು ಮತ್ತು ವೇಗ ಪರೀಕ್ಷೆಯನ್ನು ಹೊರಗಿಡುತ್ತವೆ. ಟ್ರ್ಯಾಕಿನಲ್ಲಿ ಗಾಡಿಗೆ ಆದದ್ದು ನಿಮ್ಮ ಜೇಬಿಗೇ. ಹಾಗೆಯೇ ರಾತ್ರಿ ಬೈಪಾಸಿನಲ್ಲಿ ಒಂದು ಸುತ್ತು ಪರೀಕ್ಷೆ ಮಾಡಿ ಬರುತ್ತೇನೆ ಎಂಬ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಿ. ಅದಿರಿನ ಲಾರಿಗಳು ದೀಪವಿಲ್ಲದೆ ನಿಂತಿರುವ ರಸ್ತೆಗಳು ನಮ್ಮವು. ನಿಮ್ಮ ಕಡೆ ಖಾಲಿ ಬಿದ್ದಿರುವ ಲಾರಿ ಯಾರ್ಡುಗಳು ಬೇಕಾದಷ್ಟಿವೆ. ಮಾಲೀಕರನ್ನು ಕೇಳಿ, ಬಾಗಿಲು ಹಾಕಿಕೊಂಡು, ಬ್ರೇಕ್ ಮತ್ತು ಸೋರಿಕೆಯ ಪರೀಕ್ಷೆಯನ್ನು ಅಲ್ಲೇ ಮುಗಿಸಿ.


ಲಾರಿ ಶೆಡ್ಡು, ಬಳ್ಳಾರಿ:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಾಲ್ಕು ದಿನ ಕೂತು ಲೆಕ್ಕವನ್ನು ಮತ್ತೆ ಹಾಕಿದ್ದೇನೆ. ಎಂಜಿನ್ ಬದಲಾವಣೆಯನ್ನು ಒಂದು ವರ್ಷ ಮುಂದಕ್ಕೆ ಹಾಕಲು ಮನಸ್ಸು ಸುಲಭವಾಗಿ ಒಪ್ಪಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಈ ಯೋಜನೆಯ ಕನಸು ಹುಟ್ಟಿದ್ದೇ ಆ ಎಂಜಿನ್ನಿನಿಂದ. ಆದರೆ ರಾಯಚೂರಿನ ಅಣ್ಣನವರ ಪೆಡಲ್ ನೆಲಕ್ಕಿಳಿದ ಕಥೆಯನ್ನು ಓದಿದ ಮೇಲೆ 15,000ದ ಬ್ರೇಕ್ ಹಾಕಿ ಮನೆಯವರಿಗೆ ಮುಖ ತೋರಿಸುವುದು ಹೇಗೆ ಎನ್ನಿಸಿತು.

ಹೊಸ ಲೆಕ್ಕದಲ್ಲಿ ಕಾರಿಗೆ 55,000 ಹಾಗೆಯೇ ಇದೆ. ಇರುವ ಎಂಜಿನ್ನಿನ ಟೈಮಿಂಗ್ ಬೆಲ್ಟು, ವಾಟರ್ ಪಂಪು, ಹೋಸುಗಳು ಮತ್ತು ಕೆಳಗಿನ ಬುಷ್, ಬಾಲ್ ಜಾಯಿಂಟ್, ಚಕ್ರದ ಬೇರಿಂಗುಗಳಿಗೆ 25,000. ಬ್ರೇಕಿಗೆ 30,000. ಕೇಜ್, ಸೀಟು, ಬೆಲ್ಟು, ಹೆಲ್ಮೆಟ್, ಬೆಂಕಿ ನಂದಿಸುವ ಸಿಲಿಂಡರ್ ಸೇರಿ 75,000. ಅಲಾಯ್ ಬಿಟ್ಟು ಕಬ್ಬಿಣದ ಚಕ್ರಗಳಿಗೇ ಒಳ್ಳೆಯ ಟಯರು ಹಾಕಲು 25,000. ಸಸ್ಪೆನ್ಶನ್‌ಗೆ 25,000. ರೇಡಿಯೇಟರ್ ತೊಳೆಸಿ ದುರಸ್ತಿ ಮಾಡಿಸುವುದಕ್ಕೆ ಮತ್ತು ಉದ್ದನೆಯ ತಿರುವುಗಳಲ್ಲಿ ಆಯಿಲ್ ಒಂದೇ ಬದಿಗೆ ಸರಿದು ಪಂಪಿಗೆ ಸಿಗದೆ ಹೋಗದಂತೆ ಎಂಜಿನ್ ಕೆಳಗಿನ ಆಯಿಲ್ ಸಂಪಿನೊಳಗೆ ತಡೆ ತಗಡು ಬೆಸೆಯುವುದಕ್ಕೆ 10,000. ಇಲ್ಲಿಗೆ 2,45,000 ಆಯಿತು. ಎರಡು ಪಯಣಕ್ಕೆ 80,000, ಕೈಯಲ್ಲಿ 25,000. ಪೇಂಟಿಗೆ ಒಂದು ರೂಪಾಯಿಯೂ ಇಲ್ಲ. ಎಂಜಿನ್ನಿಗಾಗಿ ಬೇರೆ ಡಬ್ಬಿ ಇಟ್ಟು ತಿಂಗಳಿಗೆ ಇಷ್ಟೆಂದು ಹಾಕುತ್ತಾ ಹೋಗುತ್ತೇನೆ. ಫಿಟ್ಟರ್ ಅವರು ಹೇಳಿದ ಗುಣದ್ದು ಕೀಲಿ ಸಹಿತ ಸಿಕ್ಕಿದರೆ ಆ ಡಬ್ಬಿಯಿಂದ ಮಾತ್ರ ಕೊಳ್ಳುತ್ತೇನೆ.

ನಿನ್ನೆ ಸಿರುಗುಪ್ಪದಲ್ಲಿ ಒಂದು 2003ರ ಝೆನ್ ನೋಡಿ ಬಂದೆ. ಶಿಕ್ಷಕರೊಬ್ಬರ ಗಾಡಿ, ಕೆಎ-34 ನಂಬರು. ಬಾನೆಟ್ ಮತ್ತು ಮೇಲ್ಛಾವಣಿಯ ಬಣ್ಣ ಬಿಸಿಲಿಗೆ ಸುಲಿದು ಸುಣ್ಣದಂತೆ ಕೈಗೆ ಬರುತ್ತದೆ. ಸ್ಕ್ರೂಡ್ರೈವರ್ ಒಯ್ದಿದ್ದೆ. ಎರಡೂ ಸಿಲ್ಲು, ನಾಲ್ಕು ಚಕ್ರದ ಮೇಲಿನ ಕಮಾನು, ಸ್ಟ್ರಟ್ ಕೂರುವ ಜಾಗ, ಎಲ್ಲಿಯೂ ತುದಿ ಒಳಗೆ ಹೋಗಲಿಲ್ಲ. ಕಂಪ್ರೆಶನ್ ನಾಲ್ಕರಲ್ಲೂ ಹತ್ತಿರ ಹತ್ತಿರ ಇದೆ. 52,000ಕ್ಕೆ ಮಾತಾಗಿದೆ, ಹೆಸರು ವರ್ಗಾವಣೆಯ ಕಾಗದಕ್ಕೆ ಸೋಮವಾರ ಸಹಿ. ಗಂಗಾವತಿಯ ಅಣ್ಣನವರಲ್ಲಿ ಒಂದು ಕೋರಿಕೆ: ಕೇಜಿನ ಅಳತೆಗೆ ಗಾಡಿಯನ್ನೇ ತರಬೇಕೋ, ಇಲ್ಲಿ ತೆಗೆದ ಅಳತೆ ಸಾಕೋ?


ಲೇತ್ ಕೆಲಸ, ಗಂಗಾವತಿ:

ಗಾಡಿಯನ್ನೇ ತಾ. ಅಳತೆ ಬರೆದು ತಂದ ಕೇಜ್ ಯಾವ ಗಾಡಿಗೂ ಕೂರುವುದಿಲ್ಲ. ಬರುವ ಮೊದಲು ಸೀಟನ್ನು ಬೋಲ್ಟ್ ಹಾಕಿ ಕೂರಿಸಿರು. ಹೆಲ್ಮೆಟ್ ಹಾಕಿ ನೀನು ಅದರಲ್ಲಿ ಕೂತಾಗ ತಲೆಯ ಮೇಲೆ ಎಷ್ಟು ಜಾಗ ಉಳಿಯುತ್ತದೆ, ಬೆಲ್ಟಿನ ಭುಜದ ಪಟ್ಟಿ ಯಾವ ಎತ್ತರಕ್ಕೆ ಬರುತ್ತದೆ ಎಂದು ನೋಡಿಯೇ ಹಿಂದಿನ ಅಡ್ಡಪೈಪಿನ ಎತ್ತರ ನಿರ್ಧರಿಸಬೇಕು. ಆ ಪಟ್ಟಿ ಭುಜದಿಂದ ಹೆಚ್ಚುಕಡಿಮೆ ನೇರವಾಗಿ ಹಿಂದಕ್ಕೆ ಹೋಗಬೇಕು; ನೆಲಕ್ಕೆ ಕಟ್ಟಿದರೆ ಡಿಕ್ಕಿಯಲ್ಲಿ ಬೆನ್ನುಮೂಳೆಯನ್ನು ಕೆಳಕ್ಕೆ ಜಗ್ಗುತ್ತದೆ. ಭತ್ತದ ಸುಗ್ಗಿ ಶುರುವಾದರೆ ಗಿರಣಿ ಕೆಲಸ ಬಿಟ್ಟು ನನಗೆ ಬಿಡುವಿರುವುದಿಲ್ಲ, ಅದಕ್ಕೆ ಮುಂಚೆ ಬಾ. ಫ್ಲಾಟ್‌ಬೆಡ್ ಮೇಲೆ ತಾ, ಪೈಪಿನ ಪ್ರಮಾಣಪತ್ರ ಮರೆಯಬೇಡ.